ಗಜಾನನನ ಫೋನಿಗೆ ಕತ್ತಲೆ ಕವಿದದ್ದು

ಕರೆ ಮಾಡಿ ಚಪ್ಪಲಿ ಹುಡುಕುವಷ್ಟರಲ್ಲಿ ಗಜಾನನನ ರಿಕ್ಷಾ ಮನೆಯೆದುರು ನಿಂತಿರುತ್ತದೆ ಎಂದು ನರಿಕೊಂಬಿನಲ್ಲಿ ಒಂದು ಮಾತಿತ್ತು. ಬಾಯಿಂದ ಬಾಯಿಗೆ ಹೋಗುವಾಗ ಮಾತಿಗೆ ಸ್ವಲ್ಪ ಉಪ್ಪು ಹುಳಿ ಸೇರಿರಬಹುದು. ಆದರೆ ಹದಿನೆಂಟು ವರ್ಷಗಳಲ್ಲಿ ಅವನಿಗೆ ಎರಡನೇ ಸಲ ಕರೆ ಮಾಡಬೇಕಾಯಿತು ಎಂದವರು ಊರಿನಲ್ಲಿ ಯಾರೂ ಇರಲಿಲ್ಲ. ಶಾಲೆಯ ಮಕ್ಕಳು, ಕಣ್ಣು ತೋರಿಸಲು ಹೊರಟ ಅಜ್ಜಂದಿರು, ಸೀರೆಯ ನೆರಿಗೆ ಕೂರದೆ ಮದುವೆ ಮನೆಗೆ ತಡವಾದ ಹೆಂಗಸರು, ಎಲ್ಲರಿಗೂ ಅವನೇ. ಕರೆದವರಿಗೆ ಓಗೊಡುವುದು ದೇವರು ತನಗೆ ಕೊಟ್ಟ ಕೆಲಸ ಎಂದು ಗಜಾನನ ನಂಬಿದ್ದ.

ದಿನವೂ ಬೆಳಿಗ್ಗೆ ಮಿಂದು, ರಿಕ್ಷಾದ ಗಾಜು ಒರೆಸಿ, ಊದುಬತ್ತಿ ಹಚ್ಚುತ್ತಿದ್ದ. ಸಂಕ್ರಮಣಕ್ಕೆ ದೇವಸ್ಥಾನದಿಂದ ತಂದ ಗಂಧ ಪ್ರಸಾದ ಒಂದು ಸಣ್ಣ ಕರಡಿಗೆಯಲ್ಲಿ ಇರುತ್ತಿತ್ತು. ಅದಕ್ಕೆ ಎರಡು ಹನಿ ನೀರು ಬಿಟ್ಟು ಕಲಸಿ ಹ್ಯಾಂಡಲಿಗೆ ಒಂದು ಬೊಟ್ಟು, ಮೀಟರಿಗೆ ಒಂದು, ತನ್ನ ಹಣೆಗೆ ಒಂದು, ಕೊನೆಗೆ ಫೋನಿಗೆ ಒಂದು. ಹಳೆಯ ಗುಂಡಿ ಒತ್ತುವ ಫೋನು ಹನ್ನೊಂದು ವರ್ಷ ಹೀಗೆ ಗಂಧ ಹಚ್ಚಿಸಿಕೊಂಡು, ಒಂದು ದಿನವೂ ತಕರಾರು ಮಾಡದೆ ದುಡಿದು, ಈ ವರ್ಷದ ಚೌತಿಯ ಹೊತ್ತಿಗೆ ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಒಂದು ಸ್ಮಾರ್ಟ್‌ಫೋನು ಬಂತು.

ಹೊಸ ಫೋನಿಗೆ ಆಯುಧ ಪೂಜೆಯ ದಿನ ಮೊದಲ ಬೊಟ್ಟು ಬಿತ್ತು. ಗಾಜಿನ ಮೇಲ್ತುದಿಯಲ್ಲಿ, ಸರಿಯಾಗಿ ನಡುವಿನಲ್ಲಿ, ಮನುಷ್ಯರಿಗಾದರೆ ಹಣೆ ಇರುವ ಜಾಗದಲ್ಲಿ. ಆಮೇಲೆ ದಿನವೂ ಅದೇ ಜಾಗಕ್ಕೆ ಹೊಸ ಗಂಧ. ಒಣಗಿದ ಬೊಟ್ಟಿನ ಮೇಲೆ ಇನ್ನೊಂದು ಕೂತು, ಅದರ ಮೇಲೆ ಮತ್ತೊಂದು ಕೂತು, ಕೊನೆಗೆ ಅದು ಹುಣಿಸೆಬೀಜದಷ್ಟು ದಪ್ಪವಾಯಿತು.

ಫೋನಿನ ತೊಂದರೆ ಶುರುವಾದದ್ದೂ ಅದೇ ವಾರ. ಇದಕ್ಕೂ ಅದಕ್ಕೂ ಗಂಟು ಹಾಕುವ ಯೋಚನೆ ಗಜಾನನನಿಗೆ ಹೇಗೆ ಬರಬೇಕು? ಪ್ರಸಾದದಿಂದ ಒಳ್ಳೆಯದಾದದ್ದನ್ನು ಅವನು ಕಂಡಿದ್ದ. ಕೆಟ್ಟದಾದದ್ದನ್ನು ಕೇಳಿಯೂ ಇರಲಿಲ್ಲ.

ತೊಂದರೆ ಎಂದರೆ ಇಷ್ಟೇ. ಕರೆ ಬರುವವರೆಗೆ ಫೋನು ಬೆಳ್ಳಗೆ ಬೆಳಗುತ್ತಿತ್ತು. ಹಸಿರು ಗುರುತನ್ನು ಎಳೆದು "ಹಲೋ" ಎಂದ ಕೂಡಲೇ ಸ್ಕ್ರೀನು ಕಪ್ಪಾಗುತ್ತಿತ್ತು. ಮಾತು ಕೇಳುತ್ತದೆ, ಆದರೆ ಏನೂ ಕಾಣುವುದಿಲ್ಲ. ಕರೆ ಮುಗಿಸುವ ಕೆಂಪು ಗುರುತು ಆ ಕತ್ತಲೆಯಲ್ಲಿ ಎಲ್ಲೋ ಅಡಗಿರುತ್ತಿತ್ತು. ಬದಿಯ ಗುಂಡಿ ಒತ್ತಿದರೆ ಮಿಂಚಿನ ಹಾಗೆ ಒಮ್ಮೆ ಬೆಳಗಿ ಮತ್ತೆ ಕಪ್ಪು. ಆಚೆಯವರು ಫೋನು ಇಟ್ಟ ಮೇಲಷ್ಟೇ ಬೆಳಕು ಮರಳುತ್ತಿತ್ತು.

ಒಂದು ದಿನ ಅವನ ಹೆಂಡತಿ ವಾರಿಜ ಗ್ಯಾಸ್ ಬುಕ್ ಮಾಡಲು ಆ ಫೋನನ್ನು ತೆಗೆದುಕೊಂಡಳು. ಒಳಗಿನ ಧ್ವನಿ ನಯವಾಗಿ ಹೇಳಿತು, ಕನ್ನಡಕ್ಕಾಗಿ ಎರಡನ್ನು ಒತ್ತಿ.

"ಎರಡು ಎಲ್ಲುಂಟು?" ವಾರಿಜ ಕೇಳಿದಳು.

"ಒಂದರ ಬದಿಯಲ್ಲಿ," ಎಂದ ಗಜಾನನ.

"ಒಂದು ಎಲ್ಲುಂಟು?"

ಒಳಗಿನ ಧ್ವನಿ ಮೂರು ಸಲ ಕೇಳಿ, ಧನ್ಯವಾದ ಹೇಳಿ, ಹೋಯಿತು. ವಾರಿಜ ಫೋನನ್ನು ಗಂಡನ ಕೈಗೆ ಕೊಟ್ಟು, "ಇದು ಮದುಮಗಳ ಹಾಗೆ. ಮಾತಾಡಿಸಿದ ಕೂಡ್ಲೇ ಮುಖ ಮುಚ್ಚಿಕೊಳ್ತದೆ," ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಗಾಡಿ ಬಿಡಬಹುದಿತ್ತು. ಹೆಚ್ಚಿನವರು ತಮ್ಮ ಮಾತು ಮುಗಿದ ಮೇಲೆ ತಾವೇ ಫೋನು ಇಡುತ್ತಿದ್ದರು. ಗುಡ್ಡೆಯ ಮೇಲಿನ ಮನೆಯ ಸುಬ್ಬಮ್ಮಜ್ಜಿ ಮಾತ್ರ ಹಾಗಲ್ಲ. ಎಪ್ಪತ್ತಾರು ವರ್ಷದ ಹಿರಿಯ ಜೀವ. ಎದುರಿನವರು ಕೇಳುತ್ತಿರುವಾಗ ಫೋನು ಕತ್ತರಿಸುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಎಂದು ಅವರ ಲೆಕ್ಕ. ಹೇಳುವುದನ್ನು ಹೇಳಿ, ಎದುರಿನವರೇ ಇಡಲಿ ಎಂದು ಫೋನನ್ನು ಕಿಟಕಿಯ ದಂಡೆಯ ಮೇಲೆ ಮೆಲ್ಲಗೆ ಮಲಗಿಸಿ, ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ಮಂಗಳವಾರ ಹತ್ತು ಗಂಟೆಗೆ ಅಜ್ಜಿ ಕರೆ ಮಾಡಿದರು.

"ಗಜಾನನ, ಶುಕ್ರವಾರ ದೇವಸ್ಥಾನಕ್ಕೆ ಹೋಗ್ಲಿಕ್ಕುಂಟು. ಎಂಟು ಗಂಟೆಗೆ ಬಾ."

"ಆಯ್ತು ಅಜ್ಜಿ."

"ಆಯ್ತಾ. ಹಾಗಾದ್ರೆ."

ಅಜ್ಜಿಯ ಫೋನು ಕಿಟಕಿಯಲ್ಲಿ ಮಲಗಿತು. ಗಜಾನನನ ಫೋನು ಕಪ್ಪಗೆ ಅವನ ಅಂಗಿಯ ಕಿಸೆಗೆ ಹೋಯಿತು. ಹೊತ್ತಿಗೆ ಸರಿಯಾಗಿ ದೇವಿಪ್ರಸಾದ್ ಮಾಷ್ಟ್ರು ಬಂದು ರಿಕ್ಷಾ ಹತ್ತಿದರು. ರಿಕ್ಷಾದ ಸದ್ದಿನಲ್ಲೂ ಕೇಳಲೆಂದು ಅವನು ಫೋನಿನ ದನಿಯನ್ನು ಜೋರು ಮಾಡಿಟ್ಟಿದ್ದ. ಸ್ವಲ್ಪ ದೂರ ಹೋಗುವುದರೊಳಗೆ ಕಿಸೆಯಿಂದ ಮಾತು ಕೇಳಿತು.

"ಹೋಗು ಆಚೆ. ಬಾಲ ನೋಡು ಅದರದ್ದು. ಹಾಲಿನ ಪಾತ್ರೆಗೆ ಬಾಯಿ ಹಾಕ್ತೀಯಾ?"

ಮಾಷ್ಟ್ರು ಮುಂದೆ ಬಾಗಿದರು. "ಎಂತ ಗಜಾನನ, ನಿನ್ನ ಕಿಸೆಯಲ್ಲಿ ಯಾರು?"

"ಸುಬ್ಬಮ್ಮಜ್ಜಿ, ಮಾಷ್ಟ್ರೇ."

"ಬೈಯುವುದು ಯಾರಿಗೆ? ನಿನಗಾ?"

"ಅಲ್ಲ, ಬೆಕ್ಕಿಗೆ. ಮೊನ್ನೆಯೂ ಅದಕ್ಕೇ ಬೈದದ್ದು."

ಬೆಕ್ಕು ಹೋದ ಮೇಲೆ ಅಜ್ಜಿ ದೇವರ ಮುಂದೆ ಕೂತಿರಬೇಕು. ಕಿಸೆಯೊಳಗೆ ಲಲಿತಾ ಸಹಸ್ರನಾಮ ಶುರುವಾಯಿತು. ಮಾಷ್ಟ್ರು ಚಪ್ಪಲಿ ಕಳಚಿ, ಕಾಲನ್ನು ಸೀಟಿನ ಮೇಲೆ ಮಡಚಿ, ಕಣ್ಣು ಮುಚ್ಚಿ ಕೂತರು. ಇಳಿಯುವಾಗ, "ನಿನ್ನ ರಿಕ್ಷಾ ಒಳ್ಳೆಯದುಂಟು ಮಾರಾಯ, ಪುಣ್ಯವೂ ಸಿಕ್ತದೆ," ಎಂದರು. ಗಜಾನನ ನಕ್ಕ. ಕರೆ ತಾನಾಗಿ ಕಡಿದುಹೋಗುವವರೆಗಿನ ಆ ಮುಕ್ಕಾಲು ಗಂಟೆಯಲ್ಲಿ ಪಕ್ಕದ ಮನೆಯ ರುಕಿಯಾ ತನಗೆ ಐದು ಸಲ ಕರೆ ಮಾಡಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ.

ರುಕಿಯಾಳ ಮನೆ ಮತ್ತು ಅವನ ಮನೆಯ ನಡುವೆ ಇದ್ದದ್ದು ಎದೆಯೆತ್ತರದ ಒಂದು ಗೋಡೆ. ಅವಳ ಮಗಳು ಫಾಹಿಮಾ ಹತ್ತು ವರ್ಷ ಗಜಾನನನ ರಿಕ್ಷಾದಲ್ಲೇ ಶಾಲೆಗೆ ಹೋದವಳು. ಈಗ ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಬಂದ ದಿನವೇ ಗಜಾನನ ಗೋಡೆಯಾಚೆಯಿಂದ ಹೇಳಿದ್ದ, "ಆಸ್ಪತ್ರೆಗೆ ಹೋಗುವುದು ನನ್ನ ರಿಕ್ಷಾದಲ್ಲಿ. ಬೇರೆ ಯಾರಿಗೂ ಹೇಳ್ಬೇಡಿ. ಒಂದು ಕರೆ ಮಾಡಿದ್ರೆ ಸಾಕು."

ಆ ಸಂಜೆ ಅದೇ ಗೋಡೆಯ ಬಳಿ ರುಕಿಯಾ ಬಂದು ನಿಂತಳು.

"ಗಜಾನನಣ್ಣ, ಒಂದು ಮಾತು ಹೇಳ್ತೇನೆ. ಬೇಜಾರು ಮಾಡ್ಬಾರ್ದು."

"ಎಂತ ಹೇಳಿ."

"ಇವತ್ತು ಫಾಹಿಮಾಳ ಚೆಕಪ್ ಇತ್ತು. ಐದು ಸಲ ಮಾಡಿದೆ ನಿಮಗೆ. ಐದು ಸಲವೂ ಬೇರೆ ಕರೆಯಲ್ಲಿ ನಿರತರಾಗಿದ್ದಾರೆ ಅಂತ ಬಂತು. ಮೆಯಿನ್ ರೋಡಿನವರೆಗೆ ನಡೆದೇ ಹೋದೆವು. ದಾರಿಯಲ್ಲಿ ಎರಡು ಸಲ ಮೋರಿಯ ಕಟ್ಟೆಯಲ್ಲಿ ಕೂತ್ಕೊಂಡಳು ಪಾಪ. ಆಮೇಲೆ ಇಮ್ತಿಯಾಝ್‌ನ ರಿಕ್ಷಾ ಸಿಕ್ಕಿತು."

ಗಜಾನನನ ಮುಖ ಸಣ್ಣದಾಯಿತು. "ಅದು ಸುಬ್ಬಮ್ಮಜ್ಜಿ ಫೋನ್ ಇಡ್ಲಿಲ್ಲ ರುಕಿಯಾ."

"ನೀವು ಇಡ್ಬಹುದಿತ್ತಲ್ಲ?"

"ಸ್ಕ್ರೀನೇ ಕಾಣುದಿಲ್ಲ ಮಾರಾಯ್ತಿ. ಎತ್ತಿದ ಕೂಡ್ಲೇ ಕಪ್ಪು."

ರುಕಿಯಾ ಮೆಲ್ಲಗೆ ಹೇಳಿದಳು. "ನನಗೆ ಅದೆಲ್ಲ ಗೊತ್ತಾಗುದಿಲ್ಲ ಅಣ್ಣ. ನೋವು ಶುರುವಾದಾಗ ಹುಡುಗಿಯ ಹತ್ರ ಗಜಾನನ ಮಾಮ ನಿರತರಾಗಿದ್ದಾರೆ ಅಂತ ಹೇಳ್ಲಿಕ್ಕೆ ಆಗ್ತದಾ? ಹೆರಿಗೆಗೆ ಇಮ್ತಿಯಾಝ್‌ಗೆ ಹೇಳಿದ್ದೇವೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗಜಾನನ ಉತ್ತರ ಕೊಡುತ್ತಿದ್ದ. ಆ ದಿನ ಅವನು ಒಂದು ತುತ್ತು ಗಂಜಿಯನ್ನು ಬಾಯಿಗೆ ಒಯ್ಯಲು ಐದು ನಿಮಿಷ ತೆಗೆದುಕೊಂಡ. ಕೊಟ್ಟ ಮಾತು ಕೈತಪ್ಪಿ ಹೋಗಿತ್ತು. ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದೇ ಅವನ ತಲೆಯಲ್ಲಿ ತಿರುಗುತ್ತಿತ್ತು.

ಮರುದಿನ ರಿಕ್ಷಾಗಳು ನಿಲ್ಲುವ ಪಾರ್ಕಿನಲ್ಲಿ ಚಾಲಕರ ಪಂಚಾಯಿತಿ ಕೂತಿತು. ಇಮ್ತಿಯಾಝ್ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ದಿನಾ ಬೆಳಿಗ್ಗೆ ಎಲ್ಲರಿಗೂ ಹೂವಿನ ಶುಭೋದಯ ಕಳಿಸ್ತೀರಲ್ಲ, ಅದರಲ್ಲಿ ವೈರಸ್ ಬಂದಿರ್ಬೇಕು," ಎಂದ. ಜಿತೇಶ್ ಎಂಬ ಇನ್ನೊಬ್ಬ ಚಾಲಕ, "ಒಮ್ಮೆ ಆಫ್ ಮಾಡಿ ಆನ್ ಮಾಡಿ," ಎಂದ. ಏಳು ಸಲ ಆಫ್ ಮಾಡಿ ಆನ್ ಮಾಡಿ ಆಗಿತ್ತು.

"ಫೋನಿನದ್ದೇ ತಪ್ಪು," ಎಂದು ಗಜಾನನ ತೀರ್ಪು ಕೊಟ್ಟ. "ಇದು ನಮ್ಮಂಥವರಿಗೆ ಮಾಡಿದ್ದಲ್ಲ. ನಾನು ಪುನಃ ಗುಂಡಿಯ ಫೋನೇ ತಗೊಳ್ತೇನೆ."

ಶುಕ್ರವಾರ ಸುಬ್ಬಮ್ಮಜ್ಜಿಯನ್ನು ದೇವಸ್ಥಾನದಿಂದ ವಾಪಸು ಕರೆದುಕೊಂಡು ಬರುವಾಗ ದಾರಿಯಲ್ಲಿ ವಿಸ್ಮಿತಾ ಕೈ ಅಡ್ಡ ಹಿಡಿದು ರಿಕ್ಷಾ ನಿಲ್ಲಿಸಿದಳು. ಪಂಚಾಯತಿನ ಗ್ರಂಥಾಲಯವನ್ನು ನೋಡಿಕೊಳ್ಳುವ ಹುಡುಗಿ. ಪುಸ್ತಕ ಕೊಡುವುದರ ಜೊತೆಗೆ ಪ್ರತಿ ಶನಿವಾರ ಮಧ್ಯಾಹ್ನ ಊರಿನವರಿಗೆ ಮೊಬೈಲ್ ಬಳಸುವುದನ್ನೂ ಹೇಳಿಕೊಡುತ್ತಿದ್ದಳು. ಅವಳು ಹತ್ತಿ ಅಜ್ಜಿಯ ಪಕ್ಕ ಕೂತಳು. ಗ್ರಂಥಾಲಯದ ಗೇಟಿನ ಹತ್ತಿರ ಬರುವಾಗ ಗಜಾನನನ ಫೋನು ರಿಂಗಾಯಿತು. ಗಜಾನನ ರಿಕ್ಷಾವನ್ನು ಬದಿಗೆ ನಿಲ್ಲಿಸಿ ಎತ್ತಿದ. ವಾರಿಜ, ತೆಂಗಿನೆಣ್ಣೆ ತರಬೇಕಂತೆ. ಅವಳು ಇಟ್ಟ ಮೇಲೂ ಗಜಾನನ ಫೋನನ್ನು ಶತ್ರುವಿನ ಹಾಗೆ ನೋಡುತ್ತಿದ್ದ.

"ಎಂತಾಯ್ತು ಗಜಾನನಣ್ಣ?" ವಿಸ್ಮಿತಾ ಕೇಳಿದಳು.

ಅವನು ಎಲ್ಲವನ್ನೂ ಹೇಳಿದ. ರುಕಿಯಾಳ ವಿಷಯ ಹೇಳುವಾಗ ದನಿ ಸ್ವಲ್ಪ ತಗ್ಗಿತು. ಸುಬ್ಬಮ್ಮಜ್ಜಿ ತಮ್ಮ ಹೆಸರು ಬಂದಾಗ ಹೊರಗೆ ನೋಡಿದರು.

"ನಾಳೆ ಶನಿವಾರ. ಪಾಠಕ್ಕೆ ಬನ್ನಿ, ನೋಡುವ," ಎಂದಳು ವಿಸ್ಮಿತಾ.

"ಪಾಠ ಎಲ್ಲ ಓದಿದವರಿಗೆ. ಬಂದ ಕರೆ ಎತ್ತಲಿಕ್ಕೆ ನನಗೆ ಗೊತ್ತುಂಟು. ಫೋನೇ ಹಾಳು."

"ಹಾಗಾದ್ರೆ ಪಾಠ ಬೇಡ. ಎರಡು ನಿಮಿಷ ಜಗಲಿಯಲ್ಲಿ ಕೂತ್ಕೊಳ್ಳಿ. ಅಜ್ಜಿ, ನೀವೂ ಬನ್ನಿ, ನೀರು ಕುಡಿಯುವ."

ಮೂವರೂ ಜಗಲಿಯಲ್ಲಿ ಕೂತರು. ವಿಸ್ಮಿತಾ ತನ್ನ ಫೋನಿನಿಂದ ಮನೆಗೆ ಕರೆ ಮಾಡಿ, ಅಮ್ಮನ ಹತ್ತಿರ ಒಂದು ನಿಮಿಷ ಹಾಗೇ ಇರಲು ಹೇಳಿದಳು. ಫೋನನ್ನು ಗಜಾನನನ ಮುಂದೆ ಹಿಡಿದಳು. ಸ್ಕ್ರೀನು ಬೆಳಗುತ್ತಿತ್ತು.

"ಈಗ ನೋಡಿ." ಫೋನಿನ ಮೇಲ್ತುದಿಗೆ ಒಂದು ಬೆರಳು ಅಡ್ಡ ಇಟ್ಟಳು. ಸ್ಕ್ರೀನು ಕಪ್ಪಾಯಿತು. ಬೆರಳು ತೆಗೆದಳು. ಬೆಳಗಿತು. ಪುನಃ ಇಟ್ಟಳು. ಕಪ್ಪು.

ಗಜಾನನ ಕಣ್ಣು ಮಿಟುಕಿಸದೆ ನೋಡಿದ. "ಇದೇ ರೋಗ. ನಿಮ್ಮದಕ್ಕೂ ಬಂತಾ?"

"ರೋಗ ಅಲ್ಲ ಅಣ್ಣ. ಇಲ್ಲಿ ಒಂದು ಸಣ್ಣ ಕಣ್ಣುಂಟು. ನಾವು ಫೋನನ್ನು ಕಿವಿಗೆ ಹಿಡಿದ್ರೆ ಕೆನ್ನೆ ಹತ್ರ ಬಂತು ಅಂತ ಅದಕ್ಕೆ ಗೊತ್ತಾಗ್ತದೆ. ಕೂಡ್ಲೇ ಸ್ಕ್ರೀನ್ ಆರಿಸ್ತದೆ. ಇಲ್ಲದಿದ್ರೆ ಮಾತಾಡ್ತಾ ಇರುವಾಗ ಕೆನ್ನೆ ತಾಗಿ ಕರೆ ಕಟ್ ಆಗ್ಬಹುದು, ಇನ್ಯಾರಿಗೋ ಹೋಗ್ಬಹುದು. ಕಿವಿಯಿಂದ ತೆಗೆದ ಕೂಡ್ಲೇ ಕಣ್ಣಿನ ಎದುರು ಏನೂ ಇರುದಿಲ್ಲ, ಸ್ಕ್ರೀನ್ ಬರ್ತದೆ. ನಮಗೆ ಉಪಕಾರ ಆಗ್ಲಿ ಅಂತ ಮಾಡಿದ್ದು."

"ನನ್ನದರ ಕಣ್ಣು ಕುರುಡಾಯ್ತಾ ಹಾಗಾದ್ರೆ?"

"ಕುರುಡಾಗ್ಲಿಲ್ಲ. ಮುಚ್ಚಿದೆ." ವಿಸ್ಮಿತಾ ಅವನ ಫೋನಿನ ಗಂಧದ ಬೊಟ್ಟಿನ ಹತ್ತಿರ ಬೆರಳು ತಂದಳು, ಮುಟ್ಟಲಿಲ್ಲ. "ಯಾವಾಗ ನೋಡಿದ್ರೂ ಕೆನ್ನೆ ತಾಗಿಯೇ ಉಂಟು ಅಂತ ಅದು ಗ್ರಹಿಸಿದೆ, ಅಷ್ಟೇ."

ಗಜಾನನ ಫೋನನ್ನು ಎದೆಗೆ ಒತ್ತಿ ಹಿಡಿದ.

"ಪ್ರಸಾದ ಒರೆಸಿ ಹಾಕ್ಲಿಕ್ಕೆ ಹೇಳ್ತೀರಾ?" ಎಂದು ಕೇಳಿದ. "ಹನ್ನೊಂದು ವರ್ಷ ಹಳೆ ಫೋನಿಗೆ ಹಚ್ಚಿದ್ದೇನೆ. ಏನೂ ಆಗ್ಲಿಲ್ಲ."

"ಹಳೆಯದಕ್ಕೆ ಈ ಕಣ್ಣು ಇರ್ಲಿಲ್ಲ ಅಣ್ಣ. ಗುಂಡಿಯ ಫೋನ್ ಅಲ್ವಾ?" ವಿಸ್ಮಿತಾ ಅಷ್ಟೇ ಹೇಳಿದಳು. ಒತ್ತಾಯ ಮಾಡಲಿಲ್ಲ. ನಂಬಿಕೆಯ ವಿಷಯದಲ್ಲಿ ತಾನು ಚಿಕ್ಕವಳು ಎಂದು ಅವಳಿಗೆ ತಿಳಿದಿತ್ತು.

ಇಷ್ಟು ಹೊತ್ತು ನೀರು ಗುಟುಕರಿಸುತ್ತಾ ಕೂತಿದ್ದ ಸುಬ್ಬಮ್ಮಜ್ಜಿ ಲೋಟ ಕೆಳಗಿಟ್ಟರು.

"ಗಜಾನನ, ಈಗಷ್ಟೇ ದೇವಸ್ಥಾನಕ್ಕೆ ಹೋಗಿ ಬಂದೆವಲ್ಲ. ಭಟ್ರು ದೇವರಿಗೆ ಗಂಧದ ಅಲಂಕಾರ ಮಾಡಿದ್ದು ನೋಡಿದೆಯಾ?"

"ನೋಡಿದೆ ಅಜ್ಜಿ. ಚಂದ ಇತ್ತು."

"ಕಣ್ಣಿಗೆ ಹಚ್ಚಿದ್ರಾ?"

ಗಜಾನನ ಇಲ್ಲವೆಂದು ತಲೆಯಾಡಿಸಿದ.

"ಮೈಯೆಲ್ಲ ಹಚ್ಚಿದ್ರೂ ಕಣ್ಣು ಬಿಟ್ಟೇ ಹಚ್ಚುವುದು. ದೇವರು ನಮ್ಮನ್ನು ನೋಡ್ಬೇಕಲ್ಲ. ನೀನು ಹಣೆ ಅಂತ ಗ್ರಹಿಸಿ ಕಣ್ಣಿಗೆ ಮೆತ್ತಿದ್ದೀಯ. ಇನ್ನೊಂದು ಕೇಳ್ತೇನೆ. ನಿನ್ನೆಯ ಹೂವನ್ನು ತೆಗೆಯದೆ ಭಟ್ರು ಇವತ್ತಿನ ಹೂ ಏರಿಸ್ತಾರಾ?"

"ಇಲ್ಲ. ನಿರ್ಮಾಲ್ಯ ತೆಗೆದೇ ಪೂಜೆ."

"ನೀನು ಆಯುಧ ಪೂಜೆಯಿಂದ ನಿರ್ಮಾಲ್ಯವೇ ತೆಗೀಲಿಲ್ಲ. ಮೇಲಿಂದ ಮೇಲೆ ಹೇರಿದ್ದೀಯ. ಇದು ಯಾವ ಶಾಸ್ತ್ರ ಮಾರಾಯ?"

ಗಜಾನನ ಅಜ್ಜಿಯನ್ನು ನೋಡಿದ, ಫೋನನ್ನು ನೋಡಿದ. ಎದ್ದು ನಳ್ಳಿಯ ಹತ್ತಿರ ಹೋದ. ಫೋನನ್ನು ಆಫ್ ಮಾಡಿ, ಹೆಗಲ ಮೇಲಿದ್ದ ಒಗೆದ ಬೈರಾಸಿನ ತುದಿಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಮಗುವಿನ ಮುಖ ಒರೆಸುವ ಹಾಗೆ ಮೆಲ್ಲಗೆ ಒರೆಸಿದ. ಗಟ್ಟಿ ಗಂಧ ನೆನೆದು, ಪದರ ಪದರವಾಗಿ ಬಿಟ್ಟಿತು. ಬೈರಾಸು ಹಿಂಡಿದ ನೀರನ್ನು ಯಾರೂ ತುಳಿಯದ ದಾಸವಾಳದ ಬುಡಕ್ಕೆ ಬಿಟ್ಟ. ಗಂಧ ಇದ್ದ ಜಾಗದಲ್ಲಿ ಗಾಜಿನ ಕೆಳಗೆ ಸಾಸಿವೆಯಷ್ಟೇ ದೊಡ್ಡ ಕಪ್ಪು ಚುಕ್ಕಿಯೊಂದು ಕಂಡಿತು. ಒಂದೂವರೆ ತಿಂಗಳು ಕತ್ತಲೆಯಲ್ಲಿ ಕೂತ ಕಣ್ಣು.

ಫೋನನ್ನು ಆನ್ ಮಾಡಿದ ಮೇಲೆ ವಿಸ್ಮಿತಾ ಕರೆ ಮಾಡಿದಳು. ಗಜಾನನ ಎತ್ತಿದ. ಸ್ಕ್ರೀನು ಬೆಳಗುತ್ತಲೇ ಇತ್ತು. ಕಿವಿಗೆ ಹಿಡಿದ, ತೆಗೆದ, ಬೆಳಗಿತು. ಕೆಂಪು ಗುರುತು ಕುಂಕುಮದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಒತ್ತಿದ. ಕರೆ ನಿಂತಿತು.

"ಇನ್ನೊಮ್ಮೆ ಮಾಡಿ," ಎಂದ.

ಮಾಡಿದಳು. ಮುಗಿಸಿದ. "ಇನ್ನೊಮ್ಮೆ."

ಐದನೇ ಸಲಕ್ಕೆ ವಿಸ್ಮಿತಾ ನಗುತ್ತಾ, "ನನಗೆ ಗ್ರಂಥಾಲಯ ತೆರೀಲಿಕ್ಕುಂಟು ಅಣ್ಣ," ಎಂದಳು. "ದಿನಾ ಗಂಧ ಹಚ್ಚಿ, ಬೇಡ ಅನ್ನುವುದಿಲ್ಲ. ಹಿಂದಿನ ಕವರಿಗೆ ಹಚ್ಚಿ. ಅಲ್ಲಿಯೂ ಕ್ಯಾಮೆರಾ ಬಿಟ್ಟು."

ಮಾತಿನ ನಡುವೆ ಇನ್ನೊಂದು ಕರೆ ಬಂದರೆ ಟುಂ ಟುಂ ಎಂದು ತಿಳಿಸುವ ಹಾಗೆಯೂ ಅವನ ಫೋನನ್ನು ಮಾಡಿಕೊಟ್ಟು, ಅವಳು ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಈಗ ನಿಮ್ಮ ಫೋನ್ ಕೊಡಿ."

"ನನ್ನದು ಸರಿ ಉಂಟು."

"ಫೋನ್ ಸರಿ ಉಂಟು. ನೀವು ಇಡುದಿಲ್ಲವಲ್ಲ."

"ಮುಖದ ಮೇಲೆ ಬಾಗಿಲು ಹಾಕ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ ಮಗಾ."

"ಹೇಳಿ ಹಾಕಿದ್ರೆ ಅದೇ ಮರ್ಯಾದೆ ಅಜ್ಜಿ. ಇಡ್ತೇನೆ ಆಯ್ತಾ ಅಂತ ಹೇಳಿ, ಆಮೇಲೆ ಇಡುವುದು. ಬಾಗಿಲು ತೆರೆದಿಟ್ಟು ಒಳಗೆ ಹೋದ್ರೆ ಬೆಕ್ಕು ನುಗ್ತದೆ."

ಅಜ್ಜಿ ಹುಬ್ಬು ಏರಿಸಿದರು. "ನಮ್ಮನೆ ಬೆಕ್ಕಿನ ವಿಷಯ ನಿನಗೆ ಹೇಗೆ ಗೊತ್ತು?"

"ನರಿಕೊಂಬಿಗೆಲ್ಲ ಗೊತ್ತುಂಟು ಅಜ್ಜಿ," ಎಂದ ಗಜಾನನ.

ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ವಿಸ್ಮಿತಾ ಅವರ ಫೋನಿನ ಸೆಟ್ಟಿಂಗ್ಸ್ ತೆರೆದು, ಬದಿಯ ಗುಂಡಿ ಒತ್ತಿದರೂ ಕರೆ ಮುಗಿಯುವ ಹಾಗೆ ಮಾಡಿಕೊಟ್ಟಳು. ಕೆಂಪು ಗುರುತು ಹುಡುಕುವ ಕೆಲಸವೇ ಉಳಿಯಲಿಲ್ಲ. ಅಕ್ಷರವನ್ನೂ ಕಡಲೆಬೇಳೆಯಷ್ಟು ದೊಡ್ಡದು ಮಾಡಿದಳು. ಕರೆ ಮಾಡಿದವರ ಹೆಸರನ್ನು ಅಜ್ಜಿ ಕನ್ನಡಕವಿಲ್ಲದೆ ಓದಿದರು.

ಮನೆಗೆ ಬಂದವನೇ ಗಜಾನನ ಗೋಡೆಯ ಹತ್ತಿರ ಹೋಗಿ ಕರೆದ. "ರುಕಿಯಾ, ನನಗೆ ಒಂದು ಕರೆ ಮಾಡಿ."

"ಎದುರಿಗೇ ಇದ್ದೀರಲ್ಲ ಅಣ್ಣ, ಕರೆ ಎಂತಕ್ಕೆ?"

"ಮಾಡಿ ಮಾರಾಯ್ತಿ."

ರುಕಿಯಾ ಮಾಡಿದಳು. ಅವನು ಎತ್ತಿ, ಸ್ಕ್ರೀನನ್ನು ಅವಳಿಗೆ ತೋರಿಸಿ, ಕೆಂಪು ಗುರುತು ಒತ್ತಿದ. ಒಳಗೆ ಮಲಗಿದ್ದ ಫಾಹಿಮಾಳಿಗೆ ಕುತೂಹಲ ತಡೆಯದೆ ಅವಳೂ ಕೋಣೆಯಿಂದ ಕರೆ ಮಾಡಿದಳು. "ಮಾಮ, ನಾನು ಯಾರು ಹೇಳಿ?" ಎಂದಳು.

"ಹೆಸರು ಬರ್ತದೆ ಮಗಳೇ. ಸ್ಕ್ರೀನ್ ಈಗ ಕಾಣ್ತದೆ."

ಗಂಧದ ಕಥೆ ಕೇಳಿ ರುಕಿಯಾ ನಕ್ಕಳು. ಆದರೆ ನಕ್ಕ ಕೂಡಲೇ ಮಾತು ಮರಳಿ ಸಿಗುವುದಿಲ್ಲ. "ನಾಲ್ಕು ದಿನ ನೋಡುವ ಅಣ್ಣ," ಎಂದಳು. ಆ ನಾಲ್ಕು ದಿನ ಅವಳು ಸುಮ್ಮಸುಮ್ಮನೆ ಕರೆ ಮಾಡಿದ್ದುಂಟು. ಒಮ್ಮೆ ಮೀನಿನವನು ಬಂದನಾ ಎಂದು, ಒಮ್ಮೆ ಕರೆಂಟು ನಿಮ್ಮಲ್ಲೂ ಹೋಗಿದೆಯಾ ಎಂದು. ಪ್ರತಿ ಸಲವೂ ಗಜಾನನ ಎತ್ತಿದ, ಪ್ರತಿ ಸಲವೂ ತಾನೇ ಇಟ್ಟ. ಐದನೇ ದಿನ, ಮಂಗಳವಾರ, ರುಕಿಯಾ ಇಮ್ತಿಯಾಝ್‌ಗೆ ವಿಷಯ ಹೇಳಿದಳು. ಅವನು, "ಗಜಾನನಣ್ಣನೇ ಹೋಗ್ಲಿ. ಬೇಕಾದ್ರೆ ನಾನು ಹಿಂದಿನಿಂದ ಬರ್ತೇನೆ," ಎಂದ.

ಬುಧವಾರ ಬೆಳಿಗ್ಗೆ ಹತ್ತೂವರೆ. ಗಜಾನನ ಪಾರ್ಕಿನಲ್ಲಿ ರಿಕ್ಷಾ ನಿಲ್ಲಿಸಿ ಸುಬ್ಬಮ್ಮಜ್ಜಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದ. ಅಜ್ಜಿಯ ಮಾತು ಈ ವರ್ಷದ ಉಪ್ಪಿನಕಾಯಿಯಿಂದ ಹೊರಟು ಕಳೆದ ವರ್ಷದ ಉಪ್ಪಿನಕಾಯಿಗೆ ಹೋಗಿತ್ತು. ನಡುವೆ ಕಿವಿಯಲ್ಲಿ ಟುಂ ಟುಂ ಎಂದು ಶಬ್ದ. ಗಜಾನನ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಬೆಳಗುವ ಸ್ಕ್ರೀನಿನಲ್ಲಿ ಇನ್ನೊಂದು ಕರೆ ಕಾಯುತ್ತಿತ್ತು. ರುಕಿಯಾ.

"ಅಜ್ಜಿ, ಫಾಹಿಮಾಳ ಮನೆಯಿಂದ ಬರ್ತಾ ಉಂಟು."

"ಅಯ್ಯೋ, ಹೋಗು ಹೋಗು. ಇಡ್ತೇನೆ ಆಯ್ತಾ." ಗಜಾನನನ ಬೆರಳು ಕೆಂಪು ಗುರುತು ಮುಟ್ಟುವ ಮೊದಲೇ ಅಜ್ಜಿ ಫೋನು ಇಟ್ಟಾಗಿತ್ತು.

ಅವನು ರುಕಿಯಾಳ ಕರೆ ಎತ್ತಿದ. "ಬಂದೆ," ಎಂದಷ್ಟೇ ಹೇಳಿ ಇಟ್ಟ.

ಫಾಹಿಮಾ ತಾಯಿಯ ಹೆಗಲು ಹಿಡಿದು ಮೆಟ್ಟಿಲು ಇಳಿಯುವಾಗ ರಿಕ್ಷಾ ಅಂಗಳದಲ್ಲಿತ್ತು. ಹೊಂಡ ಬಂದಲ್ಲೆಲ್ಲ ಗಜಾನನ ನೀರು ತುಂಬಿದ ಕೊಡವನ್ನು ಒಯ್ಯುವ ಹಾಗೆ ಓಡಿಸಿದ. ದಾರಿಯುದ್ದಕ್ಕೂ ಫಾಹಿಮಾ "ಉಮ್ಮಾ" ಎಂದು ತಾಯಿಯನ್ನು ಕೂಗುವಾಗಲೆಲ್ಲ ರುಕಿಯಾ ಅಲ್ಲಾಹನನ್ನು ಕರೆದಳು, ಗಜಾನನ ತನ್ನ ದೇವರನ್ನು ಕರೆದ. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಗಾಲಿಕುರ್ಚಿ ಹಿಡಿದು ನಿಂತಿದ್ದಳು. ಬರುತ್ತೇವೆಂದು ರುಕಿಯಾ ಮೊದಲೇ ಫೋನಿನಲ್ಲಿ ತಿಳಿಸಿದ್ದಳು.

ಮಧ್ಯಾಹ್ನ ಒಂದೂಕಾಲಕ್ಕೆ ಹೆಣ್ಣು ಮಗು ಹುಟ್ಟಿತು. ರುಕಿಯಾ ಹೊರಗೆ ಬಂದು, ಬೆಂಚಿನಲ್ಲಿ ಕೂತಿದ್ದ ಗಜಾನನನ ಎದುರು ನಿಂತಳು. ಸುದ್ದಿ ಹೇಳಿ, ಅವನ ಎರಡೂ ಕೈ ಹಿಡಿದು ಅತ್ತಳು. ಗಜಾನನನೂ ಅತ್ತ. ಅಷ್ಟರಲ್ಲಿ ವಾರಿಜ ಕರೆ ಮಾಡಿದಳು. ಅವನು ಎತ್ತಿ, "ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ," ಎಂದು ಹೇಳಿ ಇಟ್ಟ. ಇಡಲು ಗೊತ್ತಿರುವುದೂ ಒಂದು ಸುಖ ಎಂದು ಆ ಹೊತ್ತಿನಲ್ಲೂ ಅವನಿಗೆ ಅನಿಸಿತು.

ಮರುಶನಿವಾರ ಗ್ರಂಥಾಲಯದ ಜಗಲಿಯಲ್ಲಿ ಪಾಠಕ್ಕೆ ಕೂತವರು ಹದಿನಾಲ್ಕು ಜನ. ಅವರಲ್ಲಿ ಆರು ಮಂದಿ ಬಂದದ್ದು ಗಜಾನನನ ರಿಕ್ಷಾದಲ್ಲಿ. ಇಮ್ತಿಯಾಝ್‌ಗೆ ಕತ್ತು ವಾರೆ ಮಾಡದೆ ವೀಡಿಯೋ ನೋಡುವುದು ಹೇಗೆಂದು ಕಲಿಯಬೇಕಿತ್ತು. ಅವನ ಸ್ಕ್ರೀನು ಮೂರು ತಿಂಗಳಿಂದ ಅಡ್ಡ ತಿರುಗಿ ನಿಂತಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಓದುವ, ಕೇಳುವ ಬಂಧುಗಳೇ, ನಿಮ್ಮ ಕೈಯಲ್ಲಿರುವ ಫೋನು ನಿಮ್ಮ ಮೇಲೆ ಹಗೆ ಸಾಧಿಸುವುದಿಲ್ಲ. ಅದರೊಳಗೆ ನಿಮಗಾಗಿಯೇ ಇಟ್ಟ ಕೆಲವು ಅನುಕೂಲಗಳು ಗೊತ್ತಿಲ್ಲದಿದ್ದಾಗ ತೊಂದರೆಯ ಹಾಗೆ ಕಾಣುತ್ತವೆ. ಮಾತಾಡುವಾಗ ಸ್ಕ್ರೀನು ಕಪ್ಪಾಗಿಯೇ ಉಳಿದರೆ ಮೇಲ್ತುದಿಯನ್ನು ನೋಡಿ. ಗಂಧವೇ ಆಗಬೇಕೆಂದಿಲ್ಲ. ಹಿಟ್ಟಿನ ಕೈಯ ಕಲೆ, ಸ್ಕ್ರೀನಿಗೆ ಅಂಟಿಸಿದ ಒಡೆದ ಗಾಜಿನ ಹಾಳೆ, ಸರಿಯಾಗಿ ಕೂರದ ಕವರು, ಯಾವುದಾದರೂ ಆ ಸಣ್ಣ ಕಣ್ಣನ್ನು ಮುಚ್ಚಬಹುದು. ಕರೆ ಬಂದರೂ ಶಬ್ದವೇ ಬಾರದಿದ್ದರೆ ಮೇಲೆ ಅರ್ಧಚಂದ್ರನ ಗುರುತೋ ಅಡ್ಡಗೆರೆಯ ವೃತ್ತವೋ ಉಂಟೇ ನೋಡಿ. ಇದ್ದರೆ, ತೊಂದರೆ ಕೊಡಬೇಡಿ ಎಂದು ನೀವೇ ತಿಳಿಯದೆ ಅದಕ್ಕೆ ಹೇಳಿದ್ದೀರಿ. ಅಕ್ಷರ ಸಣ್ಣದಾದರೆ ದೊಡ್ಡದು ಮಾಡಬಹುದು. ಫೋನು ಬದಲಿಸುವ ಮೊದಲು ಒಮ್ಮೆ ಕೇಳಿ. ನಿಮ್ಮ ಪಂಚಾಯತಿನ ಗ್ರಂಥಾಲಯದಲ್ಲಿ ಕೇಳಿ, ಸಂಘದ ಸಭೆಯಲ್ಲಿ ಕೇಳಿ, ಗೊತ್ತಿರುವ ನೆರೆಯವರಲ್ಲಿ ಕೇಳಿ. ಕೇಳುವುದರಲ್ಲಿ ಯಾವ ಸಣ್ಣತನವೂ ಇಲ್ಲ.

ಗೊತ್ತಿರುವವರಿಗೂ ಒಂದು ಬೇಡಿಕೆ. ಇಂದು ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಕೂತು ಅವರ ಫೋನಿಗೆ ಒಂದು ಕರೆ ಮಾಡಿ. ಅವರು ಹೇಗೆ ಎತ್ತುತ್ತಾರೆ, ಹೇಗೆ ಇಡುತ್ತಾರೆ, ಎಲ್ಲಿ ತಡವರಿಸುತ್ತಾರೆ ನೋಡಿ. ಫೋನನ್ನು ಅವರ ಕೈಯಿಂದ ಕಿತ್ತುಕೊಂಡು ನೀವೇ ಮಾಡಿಬಿಡಬೇಡಿ. ಬೆರಳು ಅವರದ್ದೇ ಇರಲಿ, ತಾಳ್ಮೆ ನಿಮ್ಮದಿರಲಿ.